ಹುಟ್ಟಿದ ವರ್ಷವಿಲ್ಲದ ಹಾಡು: ದೋರನಹಳ್ಳಿ ಸೀಮೆಯ ತತ್ವಪದ ಭಜನೆ ಮತ್ತು ಕೇಳುಗರ ವಯಸ್ಸು

ಕೇಳುಗರ ಸಂಗೀತಾಭಿರುಚಿ ಆಯುಷ್ಯದುದ್ದಕ್ಕೂ ಹೇಗೆ ಮಾರ್ಪಡುತ್ತದೆ ಎಂಬ ಪ್ರಶ್ನೆಗೆ ಬಂದಿರುವ ಉತ್ತರಗಳಲ್ಲಿ ಹೆಚ್ಚಿನವು, ಪ್ರತಿ ಹಾಡಿಗೂ ಹುಟ್ಟಿದ ವರ್ಷವೊಂದಿರುತ್ತದೆ, ಅದು ಒಂದಷ್ಟು ಕಾಲ ಊರೆಲ್ಲ ಮೊಳಗಿ ಆಮೇಲೆ ಹಿಂದೆ ಸರಿಯುತ್ತದೆ ಎಂಬ ಎಣಿಕೆಯ ಮೇಲೆ ನಿಂತಿವೆ. ಅಮೆರಿಕದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಹೆಚ್ಚು ಹೆಸರಾದದ್ದು. 16ರಿಂದ 86 ವರ್ಷದೊಳಗಿನ 108 ಜನರಿಗೆ 1932ರಿಂದ 1986ರವರೆಗಿನ 28 ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದ ಈ ಇಬ್ಬರು, ಮನುಷ್ಯನಿಗೆ ತನ್ನ 23–24ನೆಯ ವಯಸ್ಸಿನ ಆಸುಪಾಸಿನಲ್ಲಿ ಚಾಲ್ತಿಯಲ್ಲಿದ್ದ ಹಾಡುಗಳೇ ಮುಂದೆಯೂ ಎಲ್ಲಕ್ಕಿಂತ ಹೆಚ್ಚು ಹಿಡಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಸಿನಿಮಾ ಹಾಡಿನ ಮಟ್ಟಿಗೆ ಈ ಮಾತು ಕರ್ನಾಟಕದಲ್ಲೂ ಬಹುಪಾಲು ನಿಜವೇ, ಪಿ. ಬಿ. ಶ್ರೀನಿವಾಸ್ ಕಾಲದವರು, ರಾಜಕುಮಾರ್ ಸ್ವತಃ ಹಾಡತೊಡಗಿದ ಮೇಲಿನವರು, 2006ರ ‘ಮುಂಗಾರು ಮಳೆ’ಯವರು ಎಂದು ಕೇಳುಗರನ್ನು ಪೀಳಿಗೆಗಳಾಗಿ ಬಿಡಿಸಿಡಲು ದೊಡ್ಡ ಶ್ರಮವೇನೂ ಬೇಕಿಲ್ಲ. ಆದರೆ ಹುಟ್ಟಿದ ವರ್ಷವೇ ಗೊತ್ತಿಲ್ಲದ, ಗೊತ್ತಿದ್ದರೂ ಅದು ಯಾರಿಗೂ ಮುಖ್ಯವಲ್ಲದ ಹಾಡೊಂದನ್ನು ಈ ಅಳತೆಗೋಲಿನ ಕೆಳಗಿಟ್ಟರೆ ಏನಾಗುತ್ತದೆ ಎಂಬುದನ್ನು ಅಧ್ಯಯನ ಕೇಳಿಕೊಂಡಿಲ್ಲ, ಏಕೆಂದರೆ ಅದರ ಪಟ್ಟಿಯಲ್ಲಿ ಅಂಥ ಹಾಡಿಗೆ ಜಾಗವೇ ಇರಲಿಲ್ಲ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿ ಮತ್ತು ಅದರ ಸುತ್ತಲಿನ ಶಹಾಪುರ–ಸುರಪುರ ಸೀಮೆಯಲ್ಲಿ ನಡೆದುಬಂದಿರುವ ತತ್ವಪದ ಭಜನೆ ಇಂಥ ಹಾಡಿನ ಒಳ್ಳೆಯ ನಿದರ್ಶನ. ತತ್ವಪದವೆಂದರೆ ಗುರು, ದೇಹ, ಸಂಸಾರ, ಸಾವು ಇವುಗಳ ಕುರಿತ ಅನುಭಾವವನ್ನು, ಅಂದರೆ ಶಾಸ್ತ್ರದ ಓದಿನಿಂದಲ್ಲದೆ ಸಾಧನೆಯಿಂದ ದಕ್ಕಿದ ಅರಿವನ್ನು, ಆಡುಮಾತಿನಲ್ಲಿ ಹೇಳುವ ಹಾಡು. ದೇವರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಮೌನೇಶ್ವರನ ತಿಂಥಣಿ ಎಲ್ಲವೂ ಈ ನೆಲದವೇ ಆಗಿದ್ದರೂ ಇಲ್ಲಿನ ಭಜನೆಯ ಬಾಯಲ್ಲಿ ಹೆಚ್ಚಾಗಿ ನಿಂತದ್ದು ಪಕ್ಕದ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ಮತ್ತು ಆತನ ಶಿಷ್ಯ ಪರಂಪರೆಯ ಪದಗಳು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡ ಸಿದ್ಧಪ್ಪ ಎಂಬ ಶಿಷ್ಯರ ಹೆಸರುಗಳೇ ಈ ಪರಂಪರೆ ಜಾತಿ–ಮತಗಳ ಗೆರೆಯನ್ನು ಎಷ್ಟು ಲಘುವಾಗಿ ಕಂಡಿತೆಂಬುದಕ್ಕೆ ಸಾಕ್ಷಿ. ಅಮಾವಾಸ್ಯೆಯ ರಾತ್ರಿ, ಶ್ರಾವಣದ ಸೋಮವಾರ, ಮಠದ ಜಾತ್ರೆ, ಹೆಣದ ಮುಂದಿನ ಜಾಗರಣೆ ಎಂಬ ಸಂದರ್ಭಗಳಲ್ಲಿ ಪೇಟಿ ಎಂದು ಕರೆಯುವ ಹಾರ್ಮೋನಿಯಂ, ತಬಲಾ ಮತ್ತು ತಾಳಗಳೊಂದಿಗೆ ಒಬ್ಬ ಮುಂದೆ ಹಾಡುತ್ತಾನೆ; ಪಲ್ಲವಿ ಬಂದಾಗ ಹಿಮ್ಮೇಳ, ಅಂದರೆ ಉಳಿದವರೆಲ್ಲ, ಎತ್ತಿಕೊಳ್ಳುತ್ತಾರೆ. ಇಲ್ಲಿ ಕೇಳುಗ ಬೇರೆ, ಹಾಡುಗ ಬೇರೆ ಎಂಬ ವಿಂಗಡಣೆ ಗಟ್ಟಿಯಾದುದಲ್ಲ. ಕಂಬಕ್ಕೆ ಒರಗಿ ಕೂತವನೂ ಪಲ್ಲವಿಗೆ ಬಾಯಿ ಕೂಡಿಸುವವನೇ.

ಈ ಆಚರಣೆಯಲ್ಲಿ ಅಭಿರುಚಿ ಬದಲಾಗುವ ಬಗೆಯನ್ನು ತಿಳಿಯಲು ತತ್ವಪದದ ಕಟ್ಟಡವನ್ನೇ ಹತ್ತಿರದಿಂದ ನೋಡಬೇಕಾಗುತ್ತದೆ. ಹೆಚ್ಚಿನ ಪದಗಳು ಬೆಡಗಿನವು, ಎಂದರೆ ಮೇಲೆ ಒಂದನ್ನು ಹೇಳಿ ಒಳಗೆ ಇನ್ನೊಂದನ್ನು ಇಟ್ಟಂಥವು: ದೇಹವೇ ಒಂದು ಬಂಡಿಯಾಗಿ, ಬಾಡಿಗೆಯ ಮನೆಯಾಗಿ, ಬಿತ್ತಬೇಕಾದ ಹೊಲವಾಗಿ ಬರುತ್ತದೆ. ಅಜ್ಜನ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಕೇಳುವ ಮಗುವಿಗೆ ಬಂಡಿ ಬಂಡಿಯೇ, ಅದರ ಕೀಲು ಮುರಿಯಿತೆಂದರೆ ನಗು ಬರುತ್ತದೆ. ನಲವತ್ತರ ಒಕ್ಕಲಿಗನಿಗೆ ಕೀಲು ಮುರಿದ ಬಂಡಿ ಎಂದರೆ ಹಂಗಾಮಿನ ನಡುವೆ ನಿಂತುಹೋದ ಕೆಲಸ, ಮೈಮೇಲೆ ಬರುವ ಸಾಲ. ಮಂಡಿ ಹಿಡಿದು ಏಳಬೇಕಾದ ಎಪ್ಪತ್ತರವನಿಗೆ ಆ ಕೀಲು ಎಲ್ಲಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಹಾಡು ಇದ್ದಲ್ಲೇ ಇದ್ದು ಅರ್ಥ ಮಾತ್ರ ಕೇಳುಗನ ಬೆನ್ನು ಹತ್ತಿ ಬರುತ್ತದೆ. ಮೊದಲು ಮೆಚ್ಚಿ, ಮೆಚ್ಚಿದ್ದರಿಂದ ನೆನಪಿಟ್ಟುಕೊಳ್ಳುವುದು ಸಿನಿಮಾ ಹಾಡಿನ ಕ್ರಮವಾದರೆ, ಇಲ್ಲಿ ಮೊದಲು ಬಾಯಿಪಾಠವಾಗಿ, ಹತ್ತಾರು ವರ್ಷ ಕಳೆದ ಮೇಲೆ ಮೆಚ್ಚುಗೆ ಹುಟ್ಟುತ್ತದೆ. ಮನೋವಿಜ್ಞಾನಿ ರಾಬರ್ಟ್ ಝಯೋಂಕ್ 1968ರಲ್ಲಿ, ಯಾವುದೇ ವಸ್ತುವನ್ನು ಮತ್ತೆ ಮತ್ತೆ ಎದುರುಗೊಂಡಷ್ಟಕ್ಕೇ ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ತೋರಿಸಿದ್ದು ಬಾಲ್ಯದ ಕೇಳ್ಮೆಯ ಮಟ್ಟಿಗೆ ಒಪ್ಪುವಂಥದ್ದೇ ಆದರೂ, ಐವತ್ತು ವರ್ಷ ತಡವಾಗಿ ತಿಳಿಯುವ ಅರ್ಥದ ಬಗ್ಗೆ ಆ ಸಿದ್ಧಾಂತದಲ್ಲಿ ಏನೂ ಇಲ್ಲ.

ನಡುವಿನ ಹರೆಯದ ವರ್ಷಗಳಲ್ಲಿ ಭಜನೆ ದೂರವಾಗುವುದೂ ಅಷ್ಟೇ ನಿಜ. ಆ ವಯಸ್ಸಿನ ಹುಡುಗರು ಮೊಹರಂನಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುವ ರಿವಾಯತ್ ಪದಗಳನ್ನು ಕಲಿಯುತ್ತಾರೆ. ಒಂದು ಕಾಲಕ್ಕೆ ಕ್ಯಾಸೆಟ್, ಈಗ ಮೊಬೈಲ್ ಅವರ ಕಿವಿಯನ್ನು ತುಂಬುತ್ತದೆ. ಗುಳೆ ಹೋದವರಿಗೆ ಬೆಂಗಳೂರು, ಪುಣೆ, ಮುಂಬೈಗಳ ಹಾಡು ಸೇರಿಕೊಳ್ಳುತ್ತದೆ. 2013ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಒಲವುಗಳನ್ನು ಪರಿಶೀಲಿಸಿದ ಅರಿಯಲ್ ಬಾನ್‌ವಿಲ್ ರೂಸಿ ಮತ್ತು ಸಂಗಡಿಗರು, ಅಬ್ಬರದ ಸಂಗೀತದ ಮೇಲಿನ ಆಸೆ ಹದಿಹರೆಯದಲ್ಲಿ ಏರಿ ವಯಸ್ಸಾದಂತೆ ಇಳಿಯುತ್ತದೆ ಎಂದು ಕಂಡುಕೊಂಡದ್ದು ಈ ಚಿತ್ರಕ್ಕೆ ಹೊಂದುತ್ತದೆ. ಆದರೆ ಇಳಿದ ಮೇಲೆ ಕೇಳುಗ ಭಜನೆಗೇ ಏಕೆ ಬರುತ್ತಾನೆ ಎಂಬುದಕ್ಕೆ ವಯಸ್ಸೊಂದೇ ಕಾರಣವಾಗಲಾರದು. ಅಪ್ಪ ತೀರಿಕೊಂಡಾಗ ಮನೆಯ ಅಂಗಳದಲ್ಲಿ ಬೆಳಗಿನವರೆಗೆ ಹಾಡಿದವರ ಋಣ ಮಗನ ಮೇಲಿರುತ್ತದೆ, ಮೇಳದಲ್ಲಿ ತಾಳ ಹಿಡಿಯುವವರ ಜಾಗವೊಂದು ತೆರವಾಗಿರುತ್ತದೆ, ಮುಂದಿನ ಅಮಾವಾಸ್ಯೆಗೆ ಬಾ ಎಂದು ಕಾಕಾ ಒಬ್ಬರು ಹೇಳಿರುತ್ತಾರೆ. ಕೂರುವ ಜಾಗ ಮೊದಲು ಬದಲಾಗಿ ಕಿವಿ ಆಮೇಲೆ ಬದಲಾಗುತ್ತದೆ ಎಂಬ ಈ ಅನುಕ್ರಮವೇ ಈ ಸೀಮೆ ಅಭಿರುಚಿಯ ಚರ್ಚೆಗೆ ಕೊಡಬಹುದಾದ ದೊಡ್ಡ ಸಂಗತಿ. ಅಭಿರುಚಿಯನ್ನು ಒಬ್ಬೊಬ್ಬರ ಖಾಸಗಿ ಆಸ್ತಿಯೆಂದು ತಿಳಿದು ಪ್ರಶ್ನಾವಳಿ ಹಿಡಿದು ಹೋಗುವವರಿಗೆ ಇದು ಕಾಣುವುದಿಲ್ಲ.

ಹಾಗೆಂದು ಹರೆಯದಲ್ಲಿ ಕೇಳಿದ್ದೆಲ್ಲ ಬಾಗಿಲಾಚೆಯೇ ಉಳಿಯುತ್ತದೆ ಎನ್ನುವಂತಿಲ್ಲ, ಅದು ದಾಟಿಯ ರೂಪದಲ್ಲಿ ಒಳಗೆ ಬರುತ್ತದೆ. ದಾಟಿ ಎಂದರೆ ಪದವನ್ನು ಹಾಡುವ ಧಾಟಿ, ಮಟ್ಟು. ಪದವೊಂದೇ ಇದ್ದರೂ ಮೇಳಕ್ಕೊಂದು ದಾಟಿ ಇರಬಹುದು. ಭಜನೆಯವರು ಬಳಸುವ ಕೈಬರಹದ ಪುಸ್ತಕಗಳು, ಸಾಮಾನ್ಯವಾಗಿ ಅಂಗಡಿಯ ಲೆಕ್ಕದ ವಹಿಯಂತೆ ಉದ್ದವಾದ, ಎಣ್ಣೆ ಮತ್ತು ವಿಭೂತಿಯ ಬೆರಳಚ್ಚು ಬಿದ್ದ ನೋಟುಬುಕ್ಕುಗಳು, ಈ ವಿಷಯದಲ್ಲಿ ಅಮೂಲ್ಯ ದಾಖಲೆಗಳು: ಪದದ ನೆತ್ತಿಯ ಮೇಲೆ ‘ದಾಟಿ’ ಎಂದು ಬರೆದು ಅದರ ಮುಂದೆ ಒಂದು ಸಿನಿಮಾ ಹಾಡಿನದೋ ನಾಟಕದ ಹಾಡಿನದೋ ಮೊದಲ ಎರಡು ಪದಗಳನ್ನು ಗುರುತಿಗಾಗಿ ಹಾಕಿರುತ್ತಾರೆ. ಆ ಸಿನಿಮಾ ಯಾವ ವರ್ಷದ್ದೆಂದು ನೋಡಿದರೆ ಪುಸ್ತಕ ಬರೆದವನ ಹರೆಯ ಯಾವಾಗ ಕಳೆಯಿತೆಂದು ಅಂದಾಜು ಮಾಡಬಹುದು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಇಪ್ಪತ್ತರಲ್ಲಿದ್ದವರು ಇಂದು ಮೇಳದ ಹಿರಿಯರು. ಹಾಲ್‌ಬ್ರೂಕ್–ಶಿಂಡ್ಲರ್ ಹೇಳಿದ 23–24ರ ಶಿಖರ ಇಲ್ಲಿ ಸುಳ್ಳಾಗಿಲ್ಲ, ಎರಡು ಪದರವಾಗಿ ಸೀಳಿಕೊಂಡಿದೆ ಅಷ್ಟೇ: ಹರೆಯದ ರಾಗ ಮೇಲೆ, ಮುಪ್ಪಿನ ಮಾತು ಒಳಗೆ. ಸಿನಿಮಾ ದಾಟಿಯಿಂದ ತತ್ವಪದ ಕೆಟ್ಟಿತೆಂದು ದೂರುವ ಶುದ್ಧಿವಾದಿಗಳು ಗಮನಿಸದಿರುವುದು ಈ ಜೋಡಣೆಯನ್ನು. ಇದಿಲ್ಲದಿದ್ದರೆ ಎಷ್ಟೋ ಮಂದಿಗೆ ಭಜನೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ದಾಟಿ ಪದದ ಉಸಿರಿಗೆ ಹೊಂದದೆ ನುಡಿಯ, ಅಂದರೆ ಚರಣದ, ಕೊನೆಯ ಮಾತನ್ನು ನುಂಗಿಹಾಕುವ ಕಡೆ ಮಾತ್ರ ಅವರ ದೂರಿಗೆ ಬೆಲೆಯಿದೆ.

ಮುಪ್ಪಿನಲ್ಲಿ ಹಳೆಯ ಪದಗಳ ಕಡೆಗೇ ವಾಲುವುದಕ್ಕೆ ದೇಹದ ಕಾರಣವೊಂದೂ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಾಂಕದ, ಎಂದರೆ ಕೀಚಲು ಬಗೆಯ, ಧ್ವನಿಗಳನ್ನು. ಸ, ಶ, ತ, ಫ ಮುಂತಾದ ವ್ಯಂಜನಗಳ ಗುರುತು ಆ ಎತ್ತರದಲ್ಲೇ ಇರುವುದರಿಂದ ಹೊಸ ಹಾಡಿನ ಸಾಹಿತ್ಯ ಮಸುಕಾಗಿ ಕೇಳಿಸುತ್ತದೆ. ಬಾಯಿಪಾಠವಿರುವ ಹಾಡಿನಲ್ಲಿಯಾದರೋ ಕಿವಿ ಬಿಟ್ಟದ್ದನ್ನು ನೆನಪು ತುಂಬುತ್ತದೆ. ಈಗಿನ ಹುಡುಗರ ಹಾಡು ಒಂದೂ ತಿಳಿಯುವುದಿಲ್ಲ ಎಂಬ ಹಿರಿಯರ ಮಾತಿನಲ್ಲಿ ಸ್ವಲ್ಪ ತಾತ್ಸಾರವೂ ಬಹಳಷ್ಟು ಶರೀರಶಾಸ್ತ್ರವೂ ಬೆರೆತಿವೆ.

ಇಲ್ಲಿಯವರೆಗೆ ಹೇಳಿದ್ದು ಗಂಡಸರ ಕಥೆ. ಹೆಂಗಸರ ಅಭಿರುಚಿಯ ದಾರಿ ಬೇರೆಯಾದುದು, ಮತ್ತು ಭಜನೆಯ ಆಚರಣೆಯನ್ನು ಹೊಗಳುವವರು ಈ ಕಡೆ ಕಣ್ಣು ಹಾಯಿಸುವುದು ಕಡಿಮೆ. ಪಕ್ಕದ ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಲೋಕಕ್ಕೆ ಗೊತ್ತಾದ ಬೀಸುವ–ಕುಟ್ಟುವ ತ್ರಿಪದಿಗಳ ಜಗತ್ತು ಈ ಕಡೆಯ ಹೆಂಗಸರದೂ ಆಗಿತ್ತು. ತೌರಿನಲ್ಲಿ ಕಲಿತ ತ್ರಿಪದಿಗೆ ಗಂಡನ ಮನೆಯಲ್ಲಿ ಹೊಸ ಸಾಲು ಸೇರುತ್ತಿತ್ತು, ಮುಪ್ಪಿನಲ್ಲಿ ಅದೇ ಹಾಡು ಸೊಸೆಯ ಕೈಗೆ ಹೋಗುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಬೀಸುವ ಕಲ್ಲಿನ ಮುಂದಿನ ಆ ನಸುಕು ಮುಗಿಯಿತು. ಇಲ್ಲಿ ಹಾಡು ಬಿಟ್ಟುಹೋದದ್ದು ರುಚಿ ಕೆಟ್ಟಿದ್ದರಿಂದ ಅಲ್ಲ, ಕೆಲಸವೇ ಯಂತ್ರಕ್ಕೆ ಹೋದದ್ದರಿಂದ. ತೋಳಿನ ನೋವು ಕಳೆದುಕೊಂಡ ಯಾವ ಹೆಣ್ಣೂ ಅದಕ್ಕಾಗಿ ಮರುಗಲಿಲ್ಲ, ಮರುಗಬೇಕಾಗಿಯೂ ಇರಲಿಲ್ಲ. ಆದರೆ ಆ ಹೊತ್ತಿಗೆ ಬದಲಾಗಿ ಇನ್ನೊಂದು ಹಾಡುವ ಹೊತ್ತು ಅವರಿಗೆ ಕೂಡಲೇ ಸಿಗಲಿಲ್ಲ. ರಾತ್ರಿಯ ಭಜನೆಯಲ್ಲಿ ಅವರು ಬಾಗಿಲ ಮರೆಯ ಕೇಳುಗರಾಗಿಯೇ ಬಹುಕಾಲ ಉಳಿದರು. ಅಕ್ಕನ ಬಳಗ, ಮಹಿಳಾ ಭಜನಾ ಮಂಡಳಿಗಳು ಬಂದ ಮೇಲೆ ಈ ಸ್ಥಿತಿ ಸ್ವಲ್ಪ ಸಡಿಲಿದೆ ಎನ್ನಬಹುದಾದರೂ ಹೆಣದ ಮುಂದಿನ ಜಾಗರಣೆಯಲ್ಲಿ ಪೇಟಿ ಇನ್ನೂ ಗಂಡಸರ ಮುಂದೆಯೇ ಇದೆ. ಎಲ್ಲರನ್ನೂ ಒಳಗೊಂಡ ಪರಂಪರೆಯೆಂದು ತತ್ವಪದವನ್ನು ಕೊಂಡಾಡುವ ಬರಹಗಳು ಈ ಒಂದು ಸಂಗತಿಗೆ ಉತ್ತರ ಕೊಡಬೇಕು.

ಹೊರಗಿನ ಪ್ರಭಾವಗಳಲ್ಲಿ ಮೂರನ್ನು ಹೆಸರಿಸಿದರೆ ಸಾಕು. ಯಾದಗಿರಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದುದರಿಂದ, ಉರ್ದು ಮಾಧ್ಯಮದಲ್ಲಿ ಕಲಿತ ಹಿಂದಿನ ತಲೆಮಾರಿಗೆ ಕವ್ವಾಲಿ, ಗಝಲ್‌ಗಳು ಹೊರಗಿನವಾಗಿರಲಿಲ್ಲ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ ಮುಂದಿನವರಿಗೆ ವಚನ ಮತ್ತು ಜನಪದ ಗೀತೆಗಳನ್ನು ಮನೆಯೊಳಗೆ ತಂದಿತು. ಮೂರನೆಯದು, ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಬೆಳೆಸಿದ, ಅನೇಕರು ಅಂಧರೇ ಆಗಿದ್ದ, ಶಿಷ್ಯರು ಈ ಭಾಗದ ಮಠಗಳ ಶ್ರಾವಣದ ಪುರಾಣ–ಪ್ರವಚನಗಳಿಗೆ ಸಂಗೀತ ಸೇವೆಗೆ ಬರುವುದು ರೂಢಿ. ರಾಗದ ಹೆಸರು ಒಂದೂ ಗೊತ್ತಿಲ್ಲದ ಕೇಳುಗನಿಗೆ ಭೈರವಿ, ಭೀಮಪಲಾಸಗಳು ಕಿವಿಯ ಪರಿಚಯಸ್ಥರಾದದ್ದು ಈ ಸೇವೆಯಿಂದ. ಅಭಿರುಚಿ ಮೇಲಕ್ಕೇರಲು ಸಿರಿತನವೋ ಓದೋ ಬೇಕೆಂಬ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1979ರಲ್ಲಿ ವಿಸ್ತಾರವಾಗಿ ಮಂಡಿಸಿದ ವಾದದ ಹತ್ತಿರದ ವಿಚಾರಕ್ಕೆ ಮಠದ ಕಟ್ಟೆಯ ಈ ಕೇಳುಗ ಒಂದು ಅಪವಾದ.

ಇಂದಿನ ಸ್ಥಿತಿಯ ಬಗ್ಗೆ ತೀರ್ಪು ಕೊಡುವಾಗ ಎಚ್ಚರ ಬೇಕು. ಮೊಬೈಲಿನಲ್ಲಿ ತತ್ವಪದಗಳು ಹಿಂದೆಂದಿಗಿಂತ ಹೇರಳವಾಗಿ ಸಿಗುತ್ತಿವೆ; ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮಲಗಿದ ಹುಡುಗನೂ ಮಡಿವಾಳಪ್ಪನ ಪದವನ್ನು ಬೇಕೆಂದಾಗ ಕೇಳಬಲ್ಲ, ಇದು ಸಣ್ಣ ಲಾಭವಲ್ಲ. ಕೆಡುಕು ಇರುವುದು ಧ್ವನಿಮುದ್ರಣದಲ್ಲಲ್ಲ, ಕೀಬೋರ್ಡು ಮತ್ತು ಪ್ಯಾಡುಗಳ ಸದ್ದನ್ನು ಮಾತಿನ ಮೇಲೆ ಹೇರುವ ಅದರ ಅವಸರದಲ್ಲಿ. ಎರಡು ನುಡಿಗಳ ನಡುವೆ ಹಾಡು ನಿಲ್ಲಿಸಿ ಹಿರಿಯನೊಬ್ಬ ಅರ್ಥ ಬಿಡಿಸುವುದು, ಇನ್ನೊಬ್ಬ ಅದನ್ನು ಒಪ್ಪದೆ ತನ್ನ ಅರ್ಥ ಹೇಳುವುದು, ಆ ಜಗಳವನ್ನು ಕಿರಿಯರು ಬಾಯಿ ಬಿಟ್ಟು ಕೇಳುವುದು ಭಜನೆಯ ಅರ್ಧ ಭಾಗ. ಐದು ನಿಮಿಷದ ಹಾಡಿನಲ್ಲಿ ಕತ್ತರಿಗೆ ಸಿಗುವುದು ಮೊದಲು ಅದೇ. ತಡವಾಗಿ ತಿಳಿಯಬೇಕಾದ ಅರ್ಥಕ್ಕೆ ಬೀಜ ಬೀಳುವುದು ಆ ನಿಲುಗಡೆಯಲ್ಲಾದ್ದರಿಂದ, ಅದನ್ನು ಕತ್ತರಿಸಿದ ಮುದ್ರಣ ಕೇಳುಗನಿಗೆ ಹಾಡನ್ನು ಕೊಟ್ಟರೂ ಹಾಡಿನೊಂದಿಗೆ ಮುದಿಯಾಗುವ ದಾರಿಯನ್ನು ಕೊಡುವುದಿಲ್ಲ.

ತತ್ವಪದಗಳ ಸಾಹಿತ್ಯವನ್ನು ಸಂಗ್ರಹಿಸುವ ಕೆಲಸ ಸಾಕಷ್ಟು ಆಗಿದೆ. ಕಲಬುರಗಿ ಭಾಗದ ತತ್ವಪದಕಾರರ ಕುರಿತು ಮೀನಾಕ್ಷಿ ಬಾಳಿ ನಡೆಸಿದ ಅಧ್ಯಯನ, ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರದ ಸಮಗ್ರ ತತ್ವಪದ ಸಂಪುಟಗಳು ಓದುಗರ ಕೈಯಲ್ಲಿವೆ. ಉಳಿದಿರುವುದು ಕೇಳುಗರ ಚರಿತ್ರೆ, ಮತ್ತು ಅದಕ್ಕೆ ಬೇಕಾದ ಆಕರ ಯಾವ ಗ್ರಂಥಾಲಯದಲ್ಲೂ ಇಲ್ಲ, ಮನೆಯ ಅಟ್ಟದಲ್ಲಿದೆ. ದೋರನಹಳ್ಳಿಯಿಂದ ತಿಂಥಣಿಯವರೆಗಿನ ಊರುಗಳಲ್ಲಿ ಅಜ್ಜನ ಭಜನೆಯ ಪುಸ್ತಕ ಇಟ್ಟುಕೊಂಡಿರುವವರು ಅದನ್ನು ರದ್ದಿಗೆ ಹಾಕುವ ಮೊದಲು ಪ್ರತಿ ಪದದ ಮೇಲೆ ಬರೆದಿರುವ ದಾಟಿಯ ಸಾಲನ್ನಾದರೂ ಬೇರೆ ಹಾಳೆಗೆ ಇಳಿಸಿಕೊಳ್ಳಬೇಕು, ಪಕ್ಕದಲ್ಲಿ ಬರೆದವರ ಹುಟ್ಟಿದ ವರ್ಷವನ್ನೂ ನಮೂದಿಸಬೇಕು.