ಕಳೆದ ಮನೆ ಯಾರದು: ಪೋಲಿಷ್ ಗಡಿನಾಡ ಸಾಹಿತ್ಯದ ಪರಂಪರೆ

ಪೋಲಿಷ್ ಸಾಹಿತ್ಯದಲ್ಲಿ ‘ಕ್ರೆಸಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪೂರ್ವದ ಗಡಿನಾಡು ಇಂದಿನ ಪೋಲೆಂಡಿನ ಭೂಪಟದಲ್ಲಿಲ್ಲ. ಅದು ಲಿಥುವೇನಿಯಾ, ಬೆಲರೂಸ್ ಮತ್ತು ಉಕ್ರೇನ್‌ಗಳಲ್ಲಿ ಹಂಚಿಹೋಗಿದೆ. 1569ರ ಲುಬ್ಲಿನ್ ಒಪ್ಪಂದದಿಂದ ಒಂದಾದ ಪೋಲೆಂಡ್–ಲಿಥುವೇನಿಯಾ ಸಂಯುಕ್ತ ರಾಜ್ಯವನ್ನು ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು 1772, 1793 ಮತ್ತು 1795ರಲ್ಲಿ ಮೂರು ಕಂತುಗಳಲ್ಲಿ ನುಂಗಿದ ಮೇಲೆ, ರಾಜ್ಯವಿಲ್ಲದ ಜನಾಂಗವೊಂದು ತನ್ನ ಗುರುತನ್ನು ಕಾವ್ಯದಲ್ಲಿ ಕಾಪಿಟ್ಟುಕೊಳ್ಳಬೇಕಾಯಿತು. ಈ ಪರಂಪರೆಯ ಹಿರಿಮೆ ಅಲ್ಲಿಂದಲೇ ಹುಟ್ಟಿತು, ಅದರ ಕುರುಡೂ ಅಲ್ಲಿಂದಲೇ ಹುಟ್ಟಿತು.

ಆಡಮ್ ಮಿತ್ಸ್ಕಿಯೆವಿಚ್ 1798ರಲ್ಲಿ ಇಂದಿನ ಬೆಲರೂಸಿನ ನವಹ್ರುದಕ್ ಪರಿಸರದಲ್ಲಿ ಹುಟ್ಟಿ, ವಿಲ್ನಿಯಸ್‌ನಲ್ಲಿ ಓದಿ, 1824ರಲ್ಲಿ ರಷ್ಯಾಕ್ಕೆ ಗಡಿಪಾರಾಗಿ, ರಷ್ಯಾದ ವಿರುದ್ಧ ಪೋಲಿಷರು ಎಬ್ಬಿಸಿದ 1830–31ರ ದಂಗೆ ಸೋತ ನಂತರ ಪ್ಯಾರಿಸ್ಸಿನ ವಲಸಿಗರ ನಡುವೆ ನೆಲೆಸಿದವನು. ಪೋಲೆಂಡಿನ ರಾಷ್ಟ್ರಕವಿಯೆನಿಸಿದರೂ ವಾರ್ಸಾವನ್ನಾಗಲಿ ಕ್ರಾಕೊವನ್ನಾಗಲಿ ಬದುಕಿರುವಾಗ ಕಾಣಲಿಲ್ಲ. 1834ರಲ್ಲಿ ಪ್ರಕಟವಾದ ಹನ್ನೆರಡು ಸರ್ಗಗಳ ‘ಪಾನ್ ತದೇವುಶ್’ ಕಾವ್ಯವು 1811–12ರ ಹಳ್ಳಿಯೊಂದರ ಕುಲೀನ ಮನೆತನಗಳ ಜಗಳ, ಬೇಟೆ, ಅಣಬೆ ಕೊಯ್ಲು, ಕಾಫಿ ಕಾಸುವ ಬಗೆ ಇವೆಲ್ಲವನ್ನೂ ಎಷ್ಟು ನಿಧಾನವಾಗಿ ವರ್ಣಿಸುತ್ತದೆಯೆಂದರೆ, ಆ ನಿಧಾನವೇ ವಿರಹದ ಸ್ಥಾಯಿಯಾಗಿ ಪರಿಣಮಿಸುತ್ತದೆ. ಕಾವ್ಯದ ಅತ್ಯಂತ ಹೃದ್ಯವಾದ ಪಾತ್ರಗಳಲ್ಲಿ ಒಬ್ಬನು ಯೆಹೂದಿ ಛತ್ರದ ಯಜಮಾನ ಯಾಂಕಿಯೆಲ್. ತಂತಿವಾದ್ಯದಲ್ಲಿ ಪೋಲೆಂಡಿನ ಇತ್ತೀಚಿನ ಇತಿಹಾಸವನ್ನೆಲ್ಲ ನುಡಿಸಿ ಕೇಳುಗರನ್ನು ಅಳಿಸುವವನು ಅವನು. ಆದರೆ ಆ ಹೊಲಗಳನ್ನು ಉತ್ತ, ಬೆಲರೂಸಿಯನ್ ಆಡುವ ಜೀತದ ರೈತರು ಕಾವ್ಯದುದ್ದಕ್ಕೂ ಬಹುಪಾಲು ನೆರಳುಗಳು. ಕೊನೆಯ ಸರ್ಗದಲ್ಲಿ ನಾಯಕ ಅವರನ್ನು ಬಿಡುಗಡೆ ಮಾಡುವಾಗಲೂ ಸ್ವಾತಂತ್ರ್ಯವು ದೊರೆಯ ಔದಾರ್ಯವಾಗಿ ಇಳಿದುಬರುತ್ತದೆಯೇ ಹೊರತು ಅವರ ಹಕ್ಕಾಗಿ ಮೇಲೇಳುವುದಿಲ್ಲ. ಇದನ್ನು ಕವಿಯ ದೋಷವೆನ್ನುವುದು ಕಠಿಣವಾದೀತು, ಏಕೆಂದರೆ ಮನೆ ಕಳೆದುಕೊಂಡವನ ಕಣ್ಣಿಗೆ ಮೊದಲು ಬೀಳುವುದು ತನ್ನ ಜಗಲಿಯೇ. ಅವನ ಅನುಯಾಯಿಗಳಿಗೆ ಈ ವಿನಾಯಿತಿ ಸಲ್ಲುವುದಿಲ್ಲ.

ಐವತ್ತು ವರ್ಷಗಳ ನಂತರ ಹೆನ್ರಿಕ್ ಶೆಂಕಿಯೆವಿಚ್ 1648ರ ಕೊಸಾಕ್ ದಂಗೆಯನ್ನು ವಸ್ತುವಾಗಿಸಿಕೊಂಡು ‘ಬೆಂಕಿ ಮತ್ತು ಖಡ್ಗದಿಂದ’ ಎಂಬ ಕಾದಂಬರಿಯನ್ನು ಬರೆದಾಗ, ವಿರಹದ ಜಾಗದಲ್ಲಿ ವಿಜಯಗರ್ವ ಬಂದು ಕುಳಿತಿತು. ಸೋತ ಜನಕ್ಕೆ ಧೈರ್ಯ ತುಂಬುವುದು ಅದರ ಉದ್ದೇಶವಾಗಿತ್ತು ಮತ್ತು ಓದಿಸಿಕೊಳ್ಳುವ ಗುಣದಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೂ ಉಕ್ರೇನಿನ ಹುಲ್ಲುಗಾವಲನ್ನು ನಾಗರಿಕತೆ ಮತ್ತು ಅನಾಗರಿಕತೆಗಳ ರಣರಂಗವಾಗಿ ಚಿತ್ರಿಸಿದ್ದನ್ನು ಕೀಯಿವ್‌ನ ಇತಿಹಾಸಕಾರ ವೊಲೊದಿಮಿರ್ ಅಂತೊನೊವಿಚ್ 1885ರಲ್ಲಿಯೇ ಖಂಡಿಸಿದನು. ಅದಕ್ಕೂ ಮುಂಚೆ, ಜೀತದಲ್ಲಿ ಹುಟ್ಟಿ 1838ರಲ್ಲಿ ಬಿಡುಗಡೆಗೊಂಡ ತರಾಸ್ ಶೆವ್ಚೆಂಕೊ 1768ರ ರೈತದಂಗೆಯ ರಕ್ತಪಾತವನ್ನು ‘ಹೈದಮಾಕಿ’ ಎಂಬ ಕಾವ್ಯದಲ್ಲಿ ಹಾಡಿದ್ದನು. ಅದೇ ನೆಲದ ಕಥೆ ಮತ್ತೊಂದು ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ತಿಳಿಯಲು ಈ ಕೃತಿಗಳನ್ನು ಒಟ್ಟಿಗೆ ಓದಲೇಬೇಕು. ಪೋಲಿಷ್ ಓದುಗವರ್ಗ ಬಹುಕಾಲ ಹಾಗೆ ಓದಲಿಲ್ಲ.

ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ಗಡಿಗಳು ಪಶ್ಚಿಮಕ್ಕೆ ಸರಿದು, ಲ್ವುವ್ (ಇಂದಿನ ಲ್ವಿವ್) ಮತ್ತು ವಿಲ್ನಿಯಸ್‌ಗಳ ಪೋಲಿಷರು ಜರ್ಮನರನ್ನು ಹೊರಹಾಕಿದ ಸೈಲೀಶಿಯಾ, ಗ್ದಾನ್ಸ್ಕ್ ಮೊದಲಾದ ಕಡೆ ನೆಲೆಗೊಂಡರು. ಕಮ್ಯುನಿಸ್ಟ್ ಆಡಳಿತ ಈ ಹೊಸ ನಾಡನ್ನು ‘ಮರಳಿ ಪಡೆದ ಪ್ರದೇಶ’ ಎಂದು ಕರೆಯಿತು, ಕಳೆದ ನಾಡಿನ ಮಾತನ್ನು ಸೆನ್ಸಾರಿನ ಕತ್ತರಿಗೆ ಒಪ್ಪಿಸಿತು. ಹೀಗಾಗಿ ಪರಂಪರೆಯ ಮುಖ್ಯ ಕೃತಿಗಳಲ್ಲಿ ಕೆಲವು ಮತ್ತೆ ಪ್ಯಾರಿಸ್ಸಿನಿಂದಲೇ ಹೊರಬಂದವು. ಚೆಸ್ವಾವ್ ಮಿವೋಶ್ 1955ರ ‘ಇಸ್ಸಾ ಕಣಿವೆ’ ಕಾದಂಬರಿಯಲ್ಲಿ ತನ್ನ ಲಿಥುವೇನಿಯಾದ ಬಾಲ್ಯವನ್ನು ಮರುಸೃಷ್ಟಿಸುವಾಗ, ಪೋಲಿಷ್ ಆಡುವ ಜಮೀನ್ದಾರರ ಮೇಲೆ ಲಿಥುವೇನಿಯನ್ ಆಡುವ ಹಳ್ಳಿಗರಿಗಿದ್ದ ಸಿಟ್ಟನ್ನು ಮುಚ್ಚಿಡಲಿಲ್ಲ. ನೆನಪಿನ ಸೊಬಗನ್ನು ಬಿಟ್ಟುಕೊಡದೆಯೇ ಆ ನೆನಪಿನ ಒಡೆತನವನ್ನು ಪ್ರಶ್ನಿಸಿದ್ದು ಅವನ ಸಾಧನೆ.

1945ರಲ್ಲಿ ಲ್ವುವ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಗ್ಲಿವಿತ್ಸೆ ನಗರಕ್ಕೆ ಒಯ್ಯಲ್ಪಟ್ಟ ಆಡಮ್ ಝಗಯೆವ್‌ಸ್ಕಿಯ ಸ್ಥಿತಿ ಇನ್ನೂ ವಿಚಿತ್ರವಾದುದು, ಏಕೆಂದರೆ ಅವನು ಕಳೆದುಕೊಂಡ ಊರು ಅವನ ನೆನಪಿನಲ್ಲೇ ಇರಲಿಲ್ಲ. ಲ್ವುವ್ ಕುರಿತ ಅವನ ಪ್ರಸಿದ್ಧ ಕವಿತೆಯೂ ‘ಎರಡು ನಗರಗಳು’ ಎಂಬ ಪ್ರಬಂಧವೂ ಹಿರಿಯರ ಬಾಯಿಂದ ಕೇಳಿದ ಊರನ್ನು ಕಟ್ಟುತ್ತವೆ. ಸೈಲೀಶಿಯಾದ ಬೀದಿಗಳಲ್ಲಿ ನಡೆಯುತ್ತಲೇ ಮನಸ್ಸಿನಲ್ಲಿ ಲ್ವುವ್‌ನ ಬೀದಿಗಳನ್ನು ಸುತ್ತುವ ವೃದ್ಧರನ್ನು ಆ ಪ್ರಬಂಧ ಪ್ರೀತಿಯಿಂದಲೂ ಸಣ್ಣ ನಗೆಯಿಂದಲೂ ಕಾಣುತ್ತದೆ.

ಪರಂಪರೆಯ ನಿಜವಾದ ತಿರುವು ಕಾಣುವುದು 1990ರ ದಶಕದಲ್ಲಿ, ಕಳೆದವರು ತಾವು ವಾಸಿಸುತ್ತಿರುವುದೂ ಬೇರೊಬ್ಬರು ಕಳೆದ ಮನೆಯಲ್ಲೇ ಎಂದು ಬರೆಯತೊಡಗಿದಾಗ. ಸ್ಟೆಫಾನ್ ಖ್ವಿನ್‌ನ ‘ಹಾನೆಮಾನ್’ (1995) ಕಾದಂಬರಿಯಲ್ಲಿ ಗ್ದಾನ್ಸ್ಕ್‌ನಲ್ಲೇ ಉಳಿದ ಜರ್ಮನ್ ವೈದ್ಯನ ಸುತ್ತ, ಜರ್ಮನರು ಬಿಟ್ಟುಹೋದ ಪಿಂಗಾಣಿ, ಬಟ್ಟೆಬರೆಗಳನ್ನು ಹೊಸಬರು ಬಳಸತೊಡಗುತ್ತಾರೆ. ಓಲ್ಗಾ ತೊಕಾರ್ಚುಕ್‌ಳ ‘ಹಗಲಿನ ಮನೆ, ಇರುಳಿನ ಮನೆ’ (1998) ಇನ್ನೂ ನಿಷ್ಠುರ: ತನ್ನ ಹುಟ್ಟೂರನ್ನು ಕಾಣಲು ಬಂದ ಮುದಿ ಜರ್ಮನನು ಬೆಟ್ಟದ ಮೇಲೆ ಗಡಿರೇಖೆಯಲ್ಲೇ ಸತ್ತಾಗ, ಪೋಲಿಷ್ ಮತ್ತು ಚೆಕ್ ಕಾವಲುಗಾರರು ಆ ಹೆಣವನ್ನು ಗುಟ್ಟಾಗಿ ಪರಸ್ಪರರ ಕಡೆಗೆ ಸರಿಸುತ್ತಾರೆ. ನಗು ಬರಿಸುವ ಈ ಪ್ರಸಂಗವು ಗಡಿಗಳ ಬಗ್ಗೆ ಹೇಳುವಷ್ಟನ್ನು ಶೆಂಕಿಯೆವಿಚ್‌ನ ಅಶ್ವದಳಗಳೆಲ್ಲ ಸೇರಿಯೂ ಹೇಳಲಾರವು.

ಅವಳ 2014ರ ‘ಯಾಕೂಬನ ಪುಸ್ತಕಗಳು’ ಮತ್ತೆ ಪೂರ್ವಕ್ಕೆ, ಇಂದಿನ ಉಕ್ರೇನಿಗೆ ಸೇರಿದ ಪೊದೋಲಿಯಾದ ಹದಿನೆಂಟನೆಯ ಶತಮಾನಕ್ಕೆ, ತಾನೇ ಮೆಸ್ಸೀಯ ಎಂದುಕೊಂಡ ಯಾಕೂಬ್ ಫ್ರಾಂಕ್‌ನ ಯೆಹೂದಿ ಅನುಯಾಯಿಗಳ ಬಳಿಗೆ ಹೋಗುತ್ತದೆ. ಅದಕ್ಕೆ ಪೋಲೆಂಡಿನ ನೀಕೆ ಸಾಹಿತ್ಯ ಪ್ರಶಸ್ತಿ ಬಂದ 2015ರಲ್ಲಿ, ಪೋಲಿಷರೂ ವಸಾಹತುಗಾರರಂತೆ ನಡೆದುಕೊಂಡಿದ್ದರು ಎಂಬ ಅರ್ಥದ ಮಾತನ್ನಾಡಿದ ಲೇಖಕಿಗೆ ಬೆದರಿಕೆಗಳು ಬಂದು, ಪ್ರಕಾಶಕರು ಅಂಗರಕ್ಷಕರನ್ನು ನೇಮಿಸಬೇಕಾಯಿತು. ಪರಂಪರೆಯ ಹಳೆಯ ಕುರುಡು ಓದುಗರಲ್ಲಿ ಇನ್ನೂ ಜೀವಂತವಾಗಿದೆ ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಹಾಗೆಂದು ಕಾದಂಬರಿಯೇ ಅದರಿಂದ ಪೂರ್ತಿ ಮುಕ್ತವಾಗಿದೆಯೆಂದಲ್ಲ: ಯಾಂಕಿಯೆಲ್‌ನ ಜನ ಇಲ್ಲಿ ಅಂಗಳದಿಂದ ನಡುಮನೆಗೆ ಬಂದಿದ್ದಾರೆ, ಪೊದೋಲಿಯಾದ ರುಥೇನಿಯನ್ ರೈತರು, ಅಂದರೆ ಇಂದಿನ ಉಕ್ರೇನಿಯನ್ನರ ಪೂರ್ವಜರು, ಮಾತ್ರ ನೂರಾರು ಪುಟಗಳ ಆ ಕಥನದಲ್ಲೂ ಬಹುಮಟ್ಟಿಗೆ ಅಂಚಿನಲ್ಲಿಯೇ ನಿಂತಿದ್ದಾರೆ.