ನಾಳ ಉಳಿಸುವ ಚಿಕಿತ್ಸೆ: ರೋಣದಿಂದ ನೋಡಿದರೆ

ಗರ್ಭಕೋಶದಲ್ಲಿ ನಿಲ್ಲಬೇಕಾದ ಗರ್ಭ ಅಂಡನಾಳದಲ್ಲೇ ನಿಂತುಬಿಟ್ಟರೆ ಮಗು ಉಳಿಯುವ ಮಾತಿಲ್ಲ. ನಾಳ ಒಡೆದರೆ ತಾಯಿಯೂ ಉಳಿಯಲಿಕ್ಕಿಲ್ಲ. ನೂರು ಗರ್ಭಗಳಲ್ಲಿ ಒಂದೋ ಎರಡೋ ಹೀಗೆ ಗರ್ಭಕೋಶದ ಹೊರಗೆ ನಿಲ್ಲುತ್ತವೆ. 1883ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಹೊಟ್ಟೆ ಕೊಯ್ದು, ಒಡೆದ ನಾಳ ತೆಗೆದು ರೋಗಿಯನ್ನು ಬದುಕಿಸಿದರು. ಆಮೇಲೆ ಬಹುಕಾಲ ಅದೊಂದೇ ದಾರಿಯಾಗಿತ್ತು. ಈಗಿನ ಭರವಸೆ ದೊಡ್ಡದು: ದೊಡ್ಡ ಗಾಯವಿಲ್ಲ, ನಾಳ ಉಳಿಯುತ್ತದೆ, ಮುಂದೆ ಮಕ್ಕಳಾಗುತ್ತವೆ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ನನ್ನ ತಕರಾರಿದೆ.

ಲ್ಯಾಪ್ರೋಸ್ಕೋಪಿಯ ಕೈಚಳಕ ಮೆಚ್ಚಬೇಕಾದದ್ದೇ. ಹೊಕ್ಕುಳ ಬಳಿ ಒಂದು ತೂತು, ಕೆಳಹೊಟ್ಟೆಯಲ್ಲಿ ಇನ್ನೆರಡು. ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ. ಊದಿ ನೀಲಿಗಟ್ಟಿದ ನಾಳವನ್ನು ಒಂದೆರಡು ಸೆಂ.ಮೀ. ಉದ್ದಕ್ಕೆ ಸೀಳಿ, ನೀರು ಹಾಯಿಸಿ ಒಳಗಿನದನ್ನು ಬಿಡಿಸಿ ತೆಗೆಯುತ್ತಾರೆ. ಸೀಳಿಗೆ ಹೊಲಿಗೆ ಹಾಕದೆ ಬಿಟ್ಟರೂ ತಾನೇ ಕೂಡಿಕೊಳ್ಳುತ್ತದೆ. ಆದರೆ ಹೀಗೆ ಉಳಿಸಿದ ನಾಳದಿಂದ ಲಾಭವೆಷ್ಟು? ಇನ್ನೊಂದು ನಾಳ ಚೆನ್ನಾಗಿದ್ದ 446 ಮಹಿಳೆಯರ ಮೇಲೆ ಯುರೋಪ್, ಅಮೆರಿಕಗಳಲ್ಲಿ ನಡೆದ ಅಧ್ಯಯನವೊಂದು 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮೂರು ವರ್ಷದಲ್ಲಿ ತಾವಾಗಿಯೇ ಗರ್ಭ ನಿಂತದ್ದು ನಾಳ ಉಳಿಸಿಕೊಂಡವರಲ್ಲಿ ಶೇ. 60.7, ತೆಗೆಸಿಕೊಂಡವರಲ್ಲಿ ಶೇ. 56.2. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಮೇಲಾಗಿ, ಉಳಿಸಿದ ನಾಳದಲ್ಲಿ ಗರ್ಭದ ಚೂರು ಉಳಿದು ಮತ್ತೆ ಚಿಕಿತ್ಸೆ ಬೇಕಾದವರು ಶೇ. 7. ಹಾಗಾಗಿ ‘ಟ್ಯೂಬ್ ತೆಗೆದರು, ಸೊಸೆ ಇನ್ನು ಬಂಜೆ’ ಎಂದು ಅತ್ತೆ ಹಲುಬುವುದರಲ್ಲಿ ಹುರುಳಿಲ್ಲ. ಸೋಂಕಿನಿಂದಲೋ ಕ್ಷಯದಿಂದಲೋ ಇನ್ನೊಂದು ನಾಳವೂ ಕೆಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಉಳಿಸಲು ಹೆಣಗಲೇಬೇಕು.

ಕತ್ತರಿಯೇ ಬೇಡದ ದಾರಿ ಮೆಥೋಟ್ರೆಕ್ಸೇಟ್ ಇಂಜೆಕ್ಷನ್. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲವನ್ನೂ, ಅದಕ್ಕೆ ಎದುರಾಳಿಯಾದ ಈ ಔಷಧವನ್ನೂ ತಯಾರಿಸಿದ ತಂಡದ ಮುಂದಾಳು. ಬಸುರಿಗೆ ಆಶಾ ಕಾರ್ಯಕರ್ತೆ ಕೊಡುವ ಫೋಲಿಕ್ ಮಾತ್ರೆಯನ್ನು ಈ ಇಂಜೆಕ್ಷನ್ ಪಡೆದವಳು ನಿಲ್ಲಿಸಬೇಕು. ಔಷಧ ಅಗ್ಗ. ಆದರೆ ಷರತ್ತುಗಳು ತುಟ್ಟಿ. ನಾಳ ಒಡೆದಿರಬಾರದು, ಗಡ್ಡೆ ಸುಮಾರು 3.5 ಸೆಂ.ಮೀ. ದಾಟಿರಬಾರದು, ಒಳಗೆ ಹೃದಯ ಬಡಿತ ಇರಬಾರದು. ನಾಲ್ಕನೇ ದಿನ, ಏಳನೇ ದಿನ ರಕ್ತದಲ್ಲಿನ ಗರ್ಭದ ಹಾರ್ಮೋನ್ ಬೀಟಾ ಎಚ್‌ಸಿಜಿ ನೋಡಬೇಕು. ಅಷ್ಟರಲ್ಲಿ ಶೇ. 15 ಇಳಿದರೂ ಸಾಲದು, ಪೂರ್ತಿ ಇಳಿಯುವ ತನಕ ವಾರಕ್ಕೊಮ್ಮೆ ಪರೀಕ್ಷೆ. ನಡುವೆ ನಾಳ ಒಡೆಯುವ ಭಯ ಇದ್ದೇ ಇರುತ್ತದೆ.

ತಾಲ್ಲೂಕು ಕೇಂದ್ರವಾದ ರೋಣದಿಂದ ಜಿಲ್ಲಾ ಕೇಂದ್ರ ಗದಗ ಸುಮಾರು 40 ಕಿ.ಮೀ., ಅಲ್ಲಿಂದ ಹುಬ್ಬಳ್ಳಿ ಇನ್ನೂ 60. ಕಡಲೆ ಕೀಳುವ ಸುಗ್ಗಿಯಲ್ಲಿ ಸೂಡಿ, ಸವಡಿಯಂಥ ಹಳ್ಳಿಯ ಹೆಣ್ಣುಮಗಳು ಕೂಲಿ ಬಿಟ್ಟು ವಾರವಾರ ಬಸ್ ಹತ್ತಬೇಕು. ಹೊಟ್ಟೆನೋವು ನಿಂತಿತೆಂದರೆ ಎರಡನೇ ವಾರಕ್ಕೇ ಹೋಗುವುದನ್ನು ಬಿಟ್ಟಾಳು. ಅಂಥವಳಿಗೆ ಔಷಧಕ್ಕಿಂತ ಒಂದೇ ಸಲ ನಾಳ ತೆಗೆಸಿಕೊಳ್ಳುವುದು ಕ್ಷೇಮ ಎಂದು ವೈದ್ಯರು ಹೇಳಿದರೆ ಅದನ್ನು ಹಳೆಯ ಕಾಲದ ಬುದ್ಧಿ ಎನ್ನಲಾರೆ.

ನಿಜವಾದ ಕೊರತೆ ಇದಕ್ಕೂ ಮೊದಲಿನದು. ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿದರೆ ಬೇಗ ಎನ್ನುತ್ತದೆ ಇಲಾಖೆ. ನಾಳ ಒಡೆಯುವುದೋ ಅನೇಕ ಸಲ ಆರು-ಎಂಟು ವಾರಕ್ಕೇ. ಸಂತಾನಹರಣ ಆಪರೇಷನ್ ಆದವಳ ಮೇಲಂತೂ ಯಾರಿಗೂ ಅನುಮಾನವೇ ಬರುವುದಿಲ್ಲ. ಆದರೆ ಆಪರೇಷನ್ ವಿಫಲವಾಗಿ ಗರ್ಭ ನಿಂತರೆ ಅದು ನಾಳದಲ್ಲೇ ನಿಲ್ಲುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ನನ್ನ ಪ್ರಕಾರ ತಾಲ್ಲೂಕಿಗೆ ಮೊದಲು ಬೇಕಾದದ್ದು ಲ್ಯಾಪ್ರೋಸ್ಕೋಪ್ ಅಲ್ಲ. ಯೋನಿಯ ಮೂಲಕ ಸ್ಕ್ಯಾನ್ ಮಾಡಬಲ್ಲ ಕೈ, ಅದೇ ದಿನ ವರದಿ ಕೊಡುವ ಬೀಟಾ ಎಚ್‌ಸಿಜಿ ಪರೀಕ್ಷೆ, ಶೇಖರಿಸಿಟ್ಟ ರಕ್ತ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಮುಟ್ಟು ತಪ್ಪಿದವಳಿಗೆ ಕೆಳಹೊಟ್ಟೆಯಲ್ಲಿ ಒಂದೇ ಕಡೆ ನೋವು, ಕಲೆಕಲೆಯಾಗಿ ರಕ್ತ ಕಂಡರೆ ಅದೇ ದಿನ ಸ್ಕ್ಯಾನ್ ಮಾಡಿಸಿ. ತಲೆಸುತ್ತೋ ಭುಜದ ತುದಿಯ ನೋವೋ ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.