ಮೂಲತತ್ತ್ವವೆಂಬ ಮಾತಿನ ಪರೀಕ್ಷೆ

ಅಬ್ಬೆತುಮಕೂರಿರುವ ಯಾದಗಿರಿ ಜಿಲ್ಲೆಯಲ್ಲಿಯೇ, ಶಹಾಪುರದ ಸೀಮೆಯಲ್ಲಿ, ಗೋಗಿಯೆಂಬ ಊರಿದೆ. ಚರಿತ್ರಕಾರರಿಗೆ ಅದು ಯೂಸುಫ್ ಆದಿಲ್ ಶಾಹನ ಗೋರಿಯಿಂದ ಪರಿಚಿತ. ಭೂಶಾಸ್ತ್ರಜ್ಞರಿಗೆ ಅಲ್ಲಿಯ ಕಲ್ಲಿನಲ್ಲಡಗಿರುವ ಯುರೇನಿಯಮ್ಮಿನಿಂದ. ಆ ಯುರೇನಿಯಮ್ಮಿನ ಪರಮಾಣುಬೀಜದಲ್ಲಿ 92 ಪ್ರೋಟಾನುಗಳೂ, ಪ್ರಾಯಿಕವಾಗಿ 146 ನ್ಯೂಟ್ರಾನುಗಳೂ ಇರುತ್ತವೆ. ಈ ಕಣಗಳ ಪರಸ್ಪರ ಬಲವೊಂದರಿಂದಲೇ ಹೊರಟು ಬೀಜದ ತೂಕ, ಗಾತ್ರ, ಆಕಾರಗಳನ್ನು ಲೆಕ್ಕದಿಂದ ಪಡೆಯುವೆವೆನ್ನುವ ಶಾಸ್ತ್ರವೊಂದುಂಟು. ಕನ್ನಡದಲ್ಲಿ ಅದನ್ನು ಮೂಲತತ್ತ್ವಗಣನೆ ಎನ್ನಬಹುದು. ಹೆಸರು ದೊಡ್ಡದು, ಸಲ್ಲುವುದೇ ಎಂಬುದು ಪ್ರಶ್ನೆ. ಭೌತಶಾಸ್ತ್ರದ ಮಾತು ಈ ಪತ್ರಿಕೆಗೇಕೆಂದು ವಾಚಕರು ಕೇಳಲಾರರೆಂದು ನಂಬಿದ್ದೇನೆ: ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರೇ ಪಂಪಭಾರತದ ಪರಿಷ್ಕರಣಕ್ಕೂ ಕೈಹಾಕಿದವರಲ್ಲವೇ?

ಕಣಗಳು ಮೂರು ನಾಲ್ಕಾದರೆ ಸಮೀಕರಣವನ್ನು ಬಹುಮಟ್ಟಿಗೆ ನಿಖರವಾಗಿ ಬಿಡಿಸಬಹುದು. ಸಂಖ್ಯೆ ಏರಿದರೆ ಲೆಕ್ಕದ ಹೊರೆ ಯಾವ ಗಣಕಯಂತ್ರವೂ ಹೊರಲಾರದಷ್ಟಾಗುತ್ತದೆ. ಕೋಸ್ಟರ್, ಕ್ಯುಮ್ಮೆಲ್ ಎಂಬಿಬ್ಬರು 1958-60ರಲ್ಲಿ ರೂಪಿಸಿದ ‘ಕಪಲ್ಡ್ ಕ್ಲಸ್ಟರ್’ ವಿಧಾನ ಇದಕ್ಕೊಂದು ಉಪಾಯ. ಕಣಗಳ ಸರಳವಾದ ಏರ್ಪಾಡೊಂದನ್ನು ಮೊದಲು ಇಟ್ಟುಕೊಂಡು, ಎರಡೆರಡು ಕಣಗಳು ಕೂಡಿ ಸ್ಥಾನ ಬಿಡುವುದನ್ನೂ, ಬಳಿಕ ಮೂರು ಮೂರು ಬಿಡುವುದನ್ನೂ ಸೇರಿಸುತ್ತಾರೆ, ಅದರಾಚೆಯದನ್ನು ಕೈಬಿಡುತ್ತಾರೆ. ಇದರಿಂದಲೂ ಇದರ ಸೋದರ ವಿಧಾನಗಳಿಂದಲೂ 2018ರಲ್ಲಿ ನೂರು ಕಣಗಳ ತವರದ ಬೀಜವೂ, 2022ರಲ್ಲಿ 208 ಕಣಗಳ ಸೀಸದ ಬೀಜವೂ ಲೆಕ್ಕಕ್ಕೆ ಸಿಕ್ಕಿದುವು.

ಬೀಜ ದೊಡ್ಡದಾದಷ್ಟೂ ವಿಧಾನ ಸುಧಾರಿಸಿತೆಂದು ಹೊಗಳುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಲೆಕ್ಕಕ್ಕೆ ಆಧಾರವಾದ ಬಲದಲ್ಲಿಯೇ ಪ್ರಯೋಗಗಳಿಗೆ ಹೊಂದಿಸಿಕೊಂಡ ಸ್ಥಿರಾಂಕಗಳಿವೆ. ಅವು ಎಲ್ಲಿಂದ ಬಂದುವೆಂಬುದೇ ಮುಖ್ಯ. ಆಮ್ಲಜನಕದ ಉದಾಹರಣೆ ನೋಡಿ. ಎರಡೆರಡು ಕಣಗಳ ಬಲವನ್ನಷ್ಟೇ ಎಣಿಸಿದರೆ ಅದರ ಬೀಜ 28 ಕಣಗಳವರೆಗೂ ಹಿಡಿದು ನಿಲ್ಲಬೇಕಾಗಿತ್ತು. ನಿಸರ್ಗದಲ್ಲಿ 24ಕ್ಕೇ ನಿಲ್ಲುತ್ತದೆ. ಮೂರು ಕಣಗಳು ಕೂಡಿದಾಗ ಮಾತ್ರ ತೋರುವ ಬಲವನ್ನು ಸೇರಿಸಿದಾಗ 2010ರಲ್ಲಿ ಲೆಕ್ಕವೂ 24ಕ್ಕೆ ಬಂದಿತು. ಆ ಬಲವನ್ನು ಅಳೆದದ್ದು ಹಗುರವಾದ ಬೀಜಗಳಲ್ಲಿ, ಆಮ್ಲಜನಕದಲ್ಲಲ್ಲ. ಇಲ್ಲಿ ಹೆಸರು ನಿಸ್ಸಂದೇಹವಾಗಿ ಸಲ್ಲುತ್ತದೆ. 2015ರಲ್ಲಿ ಬಂದ ಒಂದು ಬಲವಾದರೋ ಇಂಗಾಲ, ಆಮ್ಲಜನಕಗಳ ಅಳತೆಗಳನ್ನೇ ಬಳಸಿಕೊಂಡಿತು. ಫಲ ಚೆನ್ನಾಗಿತ್ತು. ಆದರೆ ಓಲೆಯ ಪ್ರತಿಯಲ್ಲಿಲ್ಲದ ಪಾಠವನ್ನು ಅರ್ಥಸೌಲಭ್ಯಕ್ಕಾಗಿ ಒಳಸೇರಿಸಿದ ಪರಿಷ್ಕರಣದಂತೆ, ಅದನ್ನು ಮೂಲವೆನ್ನಲು ಮನಸ್ಸು ಹಿಂಜರಿಯುತ್ತದೆ.

ಸೀಸದ ಲೆಕ್ಕವನ್ನು ನಾನು ಮೆಚ್ಚುವುದು ಅದರ ಗಾತ್ರಕ್ಕಲ್ಲ. 17 ಸ್ಥಿರಾಂಕಗಳ ನೂರು ಕೋಟಿ ಜೋಡಣೆಗಳನ್ನು ಹಗುರವಾದ ಬೀಜಗಳ ಒರೆಗೆ ಹಚ್ಚಿ, ಉಳಿದ 34ನ್ನು ಮಾತ್ರ ಇಟ್ಟುಕೊಂಡು, ಕ್ಯಾಲ್ಸಿಯಮ್ಮಿನಿಂದ ಅವುಗಳ ತೂಕ ನಿರ್ಣಯಿಸಿದರು. ಯಾವುದನ್ನು ಎಲ್ಲಿಂದ ತಂದೆವೆಂಬುದನ್ನು ಮುಚ್ಚಿಡಲಿಲ್ಲ. ಸೀಸದ ಬೀಜದ ಹೊರಗೆ ನ್ಯೂಟ್ರಾನುಗಳು ಪ್ರೋಟಾನುಗಳನ್ನು ಮೀರಿ ಚಾಚಿರುವ ಪದರ 0.14ರಿಂದ 0.20 ಫೆಮ್ಟೊಮೀಟರೆಂದು, ತಪ್ಪಿನ ಮಿತಿಯೊಡನೆಯೇ ಹೇಳಿದರು. 2021ರಲ್ಲಿ ಪ್ರಕಟವಾದ ಪ್ರಯೋಗದ ಅಳತೆ 0.283, ಅದರ ಅನಿಶ್ಚಿತತೆ 0.071. ಎರಡೂ ಪೂರ್ತಿ ಕೂಡುವುದಿಲ್ಲ. ಆದರೂ ಲೆಕ್ಕವನ್ನು ಅದಕ್ಕಾಗಿ ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ. ಈ ನಿಷ್ಠುರತೆ ನಮ್ಮ ಗ್ರಂಥಸಂಪಾದಕರಲ್ಲಿಯೂ ಎಲ್ಲರಿಗಿಲ್ಲ.

ಗೋಗಿಯ ಯುರೇನಿಯಮ್ಮಿನ ಮಾತು ಬೇರೆ. ಸೀಸದ ಬೀಜ ದುಂಡಗಿನದು, ಇದು ನೀಳವಾದದ್ದು. ಕಣಗಳೂ 30 ಹೆಚ್ಚು. ಅದು ಒಡೆಯುವ ಬಗೆಯನ್ನು ವಿವರಿಸಲು 1939ರಲ್ಲಿ ಬೋರ್, ವೀಲರ್ ಬಳಸಿದ ದ್ರವಬಿಂದುವಿನ ಚಿತ್ರವೂ, ಅಳತೆಗಳಿಗೆ ಹೊಂದಿಸಿದ ಇತರ ಮಾದರಿಗಳೂ ಇಂದಿಗೂ ಬೇಕಾಗಿವೆ.